ಲಕ್ಕಮ್ಮನವರು ಮರಳಿಸಿದ ಅಕ್ಕಿ

ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ಜಂಗಮ ದಾಸೋಹವನ್ನು ನಡೆಸುತ್ತಿದ್ದ ಶರಣ ದಂಪತಿಗಳು ಆಯ್ದಕ್ಕಿ ಮಾರಯ್ಯನವರು ಹಾಗೂ ಲಕ್ಕಮ್ಮನವರು. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಇವರು ಕಲ್ಯಾಣಕ್ಕೆ ಬಂದವರೆಂದು ಪರಂಪರೆ ಹೇಳುತ್ತದೆ. ಇಬ್ಬರ ವಚನಾಂಕಿತಗಳಲ್ಲಿಯೂ ಅಮರೇಶ್ವರಲಿಂಗನ ಹೆಸರಿದೆ. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಮನೆಗೆ ತಂದರು. ಹೆಚ್ಚು ಹೇಗೆ ಬಂದಿತೆಂಬುದನ್ನು ಕಥನಗಳು ಬೇರೆ ಬೇರೆಯಾಗಿ ಹೇಳುತ್ತವೆ. ಬಸವಣ್ಣನವರು ಪರೀಕ್ಷಾರ್ಥವಾಗಿ ಹೆಚ್ಚು ಅಕ್ಕಿಯನ್ನು ಚೆಲ್ಲಿಸಿದ್ದರೆಂಬುದು ಅವುಗಳಲ್ಲಿ ಒಂದು. ಆದರೆ ಮುಂದೆ ನಡೆದುದರಲ್ಲಿ ಭೇದವಿಲ್ಲ. ಲಕ್ಕಮ್ಮನವರು ಅಕ್ಕಿಯನ್ನು ನೋಡಿದರು, ಅದು ಆ ದಿನದ ದಾಸೋಹಕ್ಕೆ ಬೇಕಾದುದಕ್ಕಿಂತ ಹೆಚ್ಚೆಂದು ಕಂಡರು, ಹೆಚ್ಚಾದುದನ್ನು ಎಲ್ಲಿಂದ ತಂದರೋ ಅಲ್ಲಿಯೇ ಸುರಿದು ಬರಬೇಕೆಂದು ಪತಿಗೆ ತಿಳಿಸಿದರು. ಶೂನ್ಯಸಂಪಾದನೆಯಲ್ಲಿಯೂ ಈ ದಂಪತಿಗಳ ಪ್ರಸಂಗ ವಿಸ್ತಾರವಾಗಿಯೇ ಬಂದಿದೆ.

ಪ್ರವಚನಗಳಲ್ಲಿ ಈ ಪ್ರಸಂಗವು ಸಾಮಾನ್ಯವಾಗಿ ಕಾಯಕನಿಷ್ಠೆಗೆ ಹಾಗೂ ನಿರಾಶೆಗೆ ದೃಷ್ಟಾಂತವಾಗಿ ಬರುತ್ತದೆ. ಅದು ಸರಿಯಾದ ವ್ಯಾಖ್ಯಾನವೇ. ಆದರೆ ನೆಲ, ಜಲ, ಗಾಳಿಗಳ ಮೇಲೆ ಮನುಷ್ಯನ ದಿನನಿತ್ಯದ ಬಾಳು ಹೇರುತ್ತಿರುವ ಹೊರೆಯ ಕುರಿತು ಎಲ್ಲೆಡೆ ಮಾತು ನಡೆಯುತ್ತಿರುವ ಈ ದಿನಗಳಲ್ಲಿ, ಆ ಮನೆಯೊಳಗೆ ನಡೆದ ಎರಡು ಕೆಲಸಗಳನ್ನು ಬೇರೆ ಬೇರೆಯಾಗಿ ನೋಡುವುದು ಅಗತ್ಯ. ಮಾರಯ್ಯನವರದು ಚೆಲ್ಲಿದುದನ್ನು ಆಯುವ ಕಾಯಕ. ಲಕ್ಕಮ್ಮನವರದು ಹೊಸಿಲಿನೊಳಗೆ ಬರುವುದನ್ನು ಅಳೆಯುವ ಕಾಯಕ. ಪರಿಸರದ ಹೆಸರಿನಲ್ಲಿ ಇಂದು ನಡೆಯುವ ಬಹುಪಾಲು ಕಾರ್ಯಗಳು ಮೊದಲನೆಯ ಬಗೆಗೆ ಸೇರಿದವು. ಜಾತ್ರೆ ಮುಗಿದ ಮರುದಿನ ಪ್ಲಾಸ್ಟಿಕ್ ಆಯುವುದು, ಕೆರೆಯ ದಂಡೆಯನ್ನು ಗುಡಿಸುವುದು, ಜೂನ್ 5ರಂದು ಸಸಿ ನೆಡುವುದು. ಇವೆಲ್ಲ ಪುಣ್ಯದ ಕೆಲಸಗಳೇ, ಸಂಶಯವಿಲ್ಲ. ಆದರೂ ಮಾರಯ್ಯನವರು ದಿನವೂ ಮಾಡುತ್ತಿದ್ದುದನ್ನು ವರ್ಷಕ್ಕೊಮ್ಮೆ, ಅದೂ ಛಾಯಾಚಿತ್ರದ ಸಾಕ್ಷಿಯಲ್ಲಿ ಮಾಡಿ ತೃಪ್ತಿಪಡುವ ರೂಢಿ ಬೆಳೆದಿದೆ. ಲಕ್ಕಮ್ಮನವರ ಕೆಲಸಕ್ಕಾದರೋ ಛಾಯಾಚಿತ್ರವೇ ಇಲ್ಲ. ತಾರದೆ ಉಳಿದ ವಸ್ತುವನ್ನು ಯಾರು ತಾನೆ ಚಿತ್ರ ತೆಗೆದಾರು?

ಅಕ್ಕಿಯ ವಿಷಯವನ್ನೇ ತೆಗೆದುಕೊಳ್ಳಬಹುದು. ಜಾಗತಿಕ ಸರಾಸರಿಯಲ್ಲಿ ಒಂದು ಕಿಲೋ ಅಕ್ಕಿ ಬೆಳೆದು ಬರಲು, ಮಳೆಯ ನೀರೂ ಸೇರಿ, ಸುಮಾರು 2,500 ಲೀಟರ್ ನೀರು ಬೇಕೆಂಬುದು ನೀರಿನ ಲೆಕ್ಕ ಮಾಡುವವರು ಕೊಡುವ ಅಂಕಿ. ಪಂಕ್ತಿಯಲ್ಲಿ ಕುಳಿತವರು ಸಾಕೆನ್ನುವ ಮೊದಲೇ ಬಡಿಸುವವರು ಪ್ರೀತಿಯಿಂದ ಹಾಕಿಬಿಡುವ ಒಂದು ಸೌಟು ಅನ್ನದಲ್ಲಿ ಐವತ್ತು ಗ್ರಾಂ ಅಕ್ಕಿ ಇದೆಯೆಂದು ಹಿಡಿದರೂ, ಅದರ ಹಿಂದೆ 125 ಲೀಟರ್ ನೀರು ನಿಂತಿರುತ್ತದೆ. ಒಬ್ಬರು ಆರೇಳು ಬಕೆಟ್ ತುಂಬಿ ಸ್ನಾನ ಮಾಡುವಷ್ಟು ನೀರು ಎಂಜಲೆಲೆಯೊಡನೆ ಮಡಚಿಹೋಗುತ್ತದೆ. ನಲ್ಲಿ ಸೋರಿದರೆ ಮನೆಮಂದಿಯೆಲ್ಲ ಗದರುತ್ತಾರೆ; ಎಲೆಯಲ್ಲಿ ಅನ್ನ ಉಳಿದರೆ ಅದು ನೀರು ಸೋರಿದಂತೆ ಯಾರಿಗೂ ಕಾಣುವುದಿಲ್ಲ.

ಈ ನೀರು ಎಲ್ಲಿಯದು ಎಂದು ಕೇಳಿದರೆ ಉತ್ತರ ಮತ್ತೆ ಮಾರಯ್ಯ ಲಕ್ಕಮ್ಮನವರ ಜಿಲ್ಲೆಗೇ ಕರೆದೊಯ್ಯುತ್ತದೆ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಸಿದ್ಧವಾದಾಗ, ಅದರ ಎಡದಂಡೆ ಕಾಲುವೆಯ ಬಹುಭಾಗವನ್ನು ಜೋಳ, ಹತ್ತಿ, ಶೇಂಗಾಗಳಂತಹ ಮಿತನೀರಿನ ಬೆಳೆಗಳಿಗೆಂದು ಯೋಜಿಸಲಾಗಿತ್ತು. ಸ್ವಲ್ಪ ಸ್ವಲ್ಪ ನೀರು ಬಹಳ ಹೊಲಗಳಿಗೆ ಸೇರಲಿ ಎಂಬುದು ಆ ಯೋಜನೆಯ ಆಶಯ. ಕಾಲಕ್ರಮದಲ್ಲಿ ಗಂಗಾವತಿ, ಕಾರಟಗಿ, ಸಿಂಧನೂರುಗಳ ಸೀಮೆ ಭತ್ತದ ಕಣಜವಾಯಿತು. ಕಾಲುವೆಯ ಮೇಲ್ಭಾಗದ ಗದ್ದೆಗಳಲ್ಲಿ ನೀರು ನಿಂತಿತು. ಅತಿಯಾದ ನೀರಿನಿಂದ ಎಷ್ಟೋ ಕಡೆ ಭೂಮಿ ಸವುಳು ಜವುಳಾಯಿತು. ಕಾಲುವೆಯ ಕೊನೆಯಲ್ಲಿರುವ ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕುಗಳ ರೈತರು ನೀರಿಗಾಗಿ ರಸ್ತೆಗಿಳಿಯುವುದು ಹಲವು ವರ್ಷಗಳ ಸುದ್ದಿ. ಭತ್ತ ಬೆಳೆದವರನ್ನು ದೂರಿ ಪ್ರಯೋಜನವಿಲ್ಲ. ಉಣ್ಣುವವರು ಬಿಳಿಯ ಅನ್ನವನ್ನೇ ಮರ್ಯಾದೆಯ ಊಟವೆಂದು ಬಗೆದರು, ಬೆಲೆಯೂ ಅದಕ್ಕೇ ದೊರೆಯಿತು, ಬೆಳೆಯುವವರು ಅದನ್ನೇ ಬೆಳೆದರು.

ಅದೇ ಸೀಮೆಯ ಕಪ್ಪು ನೆಲದ ಹಿಂಗಾರಿ ಬಿಳಿಜೋಳದ ರೀತಿ ಬೇರೆ. ಮಳೆಗಾಲ ಮುಗಿಯುತ್ತಿರುವಾಗ ಬಿತ್ತಿದರೆ, ಎರೆಭೂಮಿ ತನ್ನೊಡಲಲ್ಲಿ ಹಿಡಿದಿಟ್ಟ ತೇವದಲ್ಲಿಯೇ, ಚಳಿಗಾಲದ ಇಬ್ಬನಿಯಲ್ಲಿ ಅದು ಬೆಳೆದು ತೆನೆಯಾಗುತ್ತದೆ. ವಿಜಯಪುರದ ಕಡೆಯ ಮಾಲದಂಡಿ ಜೋಳಕ್ಕೆ ಕಾಲುವೆಯನ್ನು ಯಾರೂ ತೋಡಿರಲಿಲ್ಲ. ಭತ್ತದ ಗದ್ದೆಯಲ್ಲಿ ನಿಂತ ನೀರಿನಡಿಯಲ್ಲಿ ಗಾಳಿಯಾಡದ ಮಣ್ಣು ಮೀಥೇನ್ ಎಂಬ ಅನಿಲವನ್ನು ಹೊರಬಿಡುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಈ ಅನಿಲ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖವನ್ನು ಹಿಡಿದಿಡಬಲ್ಲದು. ಜೋಳದ ಹೊಲದಲ್ಲಿ ನೀರು ನಿಲ್ಲುವುದಿಲ್ಲವಾದ್ದರಿಂದ ಆ ತೊಂದರೆಯೇ ಇಲ್ಲ. ಸಂಯುಕ್ತ ರಾಷ್ಟ್ರಗಳು 2023ನೆಯ ವರ್ಷವನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲೆ ಪಟ್ಟಣದ ಅಂಗಡಿಗಳಲ್ಲಿ ನವಣೆ, ಸಾಮೆಗಳು ಬಣ್ಣದ ಪ್ಲಾಸ್ಟಿಕ್ ಚೀಲಗಳಲ್ಲಿ ದುಬಾರಿ ಬೆಲೆಗೆ ಕುಳಿತಿವೆ. ಅಜ್ಜಿಯ ಕಾಲದ ಬಡವರ ಊಟ ಮೊಮ್ಮಕ್ಕಳ ಕಾಲಕ್ಕೆ ಶ್ರೀಮಂತರ ಪಥ್ಯವಾದುದು ಕಾಲದ ವಿನೋದ. ವಾರದಲ್ಲಿ ಕೆಲವು ಹೊತ್ತಾದರೂ ಅನ್ನದ ಬದಲು ರೊಟ್ಟಿ, ಮುದ್ದೆ, ನುಚ್ಚುಗಳನ್ನು ಉಣ್ಣುವ ಮನೆಗೆ ಬಣ್ಣದ ಚೀಲ ಬೇಕಿಲ್ಲ. ಸಂತೆಯ ಜೋಳ, ಗಿರಣಿಯ ಹಿಟ್ಟು ಸಾಕು.

ಇನ್ನು ಉಳಿದ ಅನ್ನದ ಗತಿ. ಸಂಯುಕ್ತ ರಾಷ್ಟ್ರಗಳ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022ರಲ್ಲಿ ಲೋಕದಲ್ಲಿ ವ್ಯರ್ಥವಾದ ಆಹಾರ, ಸಿಪ್ಪೆ ಮೂಳೆಗಳೂ ಸೇರಿ, 105 ಕೋಟಿ ಟನ್. ಅದರಲ್ಲಿ ನೂರಕ್ಕೆ ಅರವತ್ತು ಭಾಗ ಹೋಟೆಲುಗಳಿಂದಲ್ಲ, ಅಂಗಡಿಗಳಿಂದಲ್ಲ, ಮನೆಗಳ ಅಡುಗೆಕೋಣೆಗಳಿಂದ ಬಂದುದು. ಹೊಲದ ತಿಪ್ಪೆಗೆ ಬಿದ್ದ ಅನ್ನ ಗೊಬ್ಬರವಾಗಿ ಮಣ್ಣಿಗೆ ಮರಳುತ್ತದೆ. ಪಟ್ಟಣದ ಕಸದ ಬೆಟ್ಟದಡಿ ಪ್ಲಾಸ್ಟಿಕ್ಕಿನೊಡನೆ ಹೂತ ಅನ್ನ ಗಾಳಿಯಿಲ್ಲದೆ ಕೊಳೆತು ಅದೇ ಮೀಥೇನನ್ನು ಬಿಡುತ್ತದೆ. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಹೊತ್ತ ಮಂಡೂರಿನ ಜನರು ದುರ್ವಾಸನೆ ತಾಳಲಾರದೆ ಲಾರಿಗಳನ್ನು ತಡೆದುದು, 2014ರ ಕೊನೆಗೆ ಅಲ್ಲಿಗೆ ಕಸ ಸಾಗಿಸುವುದು ನಿಂತುದು ಎಲ್ಲರಿಗೂ ತಿಳಿದ ಸಂಗತಿ. ತನ್ನ ಮನೆಯ ಎಂಜಲು ಇನ್ನೊಂದು ಊರಿನವರ ಬಾಗಿಲಿಗೆ ಹೋಗುತ್ತದೆ ಎಂಬುದನ್ನು ಅರಿತವರು ಹಸಿಕಸ ಒಣಕಸಗಳನ್ನು ಬೇರ್ಪಡಿಸಲು ಯಾವ ನ್ಯಾಯಾಲಯದ ಆದೇಶಕ್ಕಾಗಿಯೂ ಕಾಯಬೇಕಾಗಿರಲಿಲ್ಲ. ಊಟದ ಕೊನೆಗೆ ಗಂಗಾಳವನ್ನು ತೊಳೆದು ಆ ನೀರನ್ನೂ ಕುಡಿದು ಏಳುವ ಹಿರಿಯರು ಮಠದ ಪಂಕ್ತಿಗಳಲ್ಲಿ ಇಂದಿಗೂ ಅಲ್ಲಲ್ಲಿ ಕಾಣಸಿಗುತ್ತಾರೆ. ಪಕ್ಕದಲ್ಲಿ ಕುಳಿತ ಮೊಮ್ಮಗ ಮುಜುಗರದಿಂದ ಅತ್ತ ತಿರುಗುತ್ತಾನೆ. ಅವನ ಎಲೆಯ ಅಂಚಿನಲ್ಲಿ ಅರ್ಧ ತಿಂದ ಸಿಹಿ, ಮುಟ್ಟದ ಅನ್ನ ಹಾಗೆಯೇ ಇರುತ್ತವೆ. ಪ್ರಸಾದವೆಂಬ ಮಾತನ್ನು ಇಬ್ಬರೂ ಬಲ್ಲರು. ಅರ್ಥ ಮಾತ್ರ ಒಂದು ಗಂಗಾಳದಲ್ಲಿ ಉಳಿದಿದೆ.

ದಾಸೋಹದ ಎಲೆಯ ಕುರಿತು ಎರಡು ಮಾತು ಸಲ್ಲುತ್ತವೆ. ಕರ್ನಾಟಕ ಸರ್ಕಾರ 2016ರ ಮಾರ್ಚಿನಲ್ಲಿಯೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚಗಳನ್ನೂ ಊಟದ ಮೇಜಿನ ಮೇಲೆ ಹಾಸುವ ಹಾಳೆಯನ್ನೂ ಫ್ಲೆಕ್ಸುಗಳನ್ನೂ ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶದಾದ್ಯಂತ ನಿಷೇಧ ಬಂದಿತು. ಮೇಜಿನ ಮೇಲಿನ ಹಾಳೆ ಇನ್ನೂ ಎಷ್ಟೋ ಮದುವೆಮನೆಗಳಲ್ಲಿ ಸುರುಳಿ ಬಿಚ್ಚುತ್ತಲೇ ಇದೆ. ಪ್ಲಾಸ್ಟಿಕ್ ಲೋಟದ ಬದಲಿಗೆ ಬಂದ ಕಾಗದದ ಲೋಟವೂ ನಿರಪಾಯಿಯಲ್ಲ. ಅದರೊಳಗೆ ತೆಳುವಾದ ಪ್ಲಾಸ್ಟಿಕ್ ಲೇಪವಿರುತ್ತದೆ. ಬಿಸಿ ಚಹಾ ಹದಿನೈದು ನಿಮಿಷ ನಿಂತರೆ ಆ ಲೇಪದಿಂದ ಸಾವಿರಾರು ಸೂಕ್ಷ್ಮ ಕಣಗಳು ಕಳಚಿ ಪಾನೀಯಕ್ಕೆ ಸೇರುತ್ತವೆಂದು ಖರಗಪುರದ ಐಐಟಿಯ ಸಂಶೋಧಕರು 2020ರಲ್ಲಿ ತೋರಿಸಿದರು. ಕಡ್ಡಿ ಚುಚ್ಚಿ ಹೊಲಿದ ಮುತ್ತುಗದ ಎಲೆಗೂ ಈಗ ಅಡಿಯಲ್ಲಿ ಪ್ಲಾಸ್ಟಿಕ್ ಪೊರೆ ಅಂಟಿಸಿ ಯಂತ್ರದಲ್ಲಿ ಒತ್ತಿ ಮಾರುತ್ತಾರೆ. ಮೇಲೆ ನೋಡಿದರೆ ಎಲೆ, ತಿಪ್ಪೆಗೆ ಹಾಕಿದರೆ ಕರಗದು. ವಾಸನೆಗೆ ಮೂತಿಯಿಟ್ಟ ದನ ಅದನ್ನೂ ನುಂಗುತ್ತದೆ. ಹೊರಗೆ ವೇಷ, ಒಳಗೆ ಬೇರೆಯಾದುದನ್ನು ಶರಣರು ಎಷ್ಟು ಕಟುವಾಗಿ ಕಂಡರೆಂಬುದನ್ನು ಭಕ್ತರಿಗೆ ನೆನಪಿಸಬೇಕಾಗಿಲ್ಲ. ನೀರಿನ ಅನುಕೂಲವಿರುವಲ್ಲಿ ಉಕ್ಕಿನ ತಟ್ಟೆ ಲೋಟ, ಇಲ್ಲದಲ್ಲಿ ಪೊರೆಯಿಲ್ಲದ ಶುದ್ಧ ಎಲೆ. ಊಟಕ್ಕೆ ಬರುವವರು ತಮ್ಮ ತಮ್ಮ ತಟ್ಟೆಯನ್ನು ತಾವೇ ತೊಳೆದಿಡುವ ಪದ್ಧತಿಯಾದರೆ ಆಳುಗಳ ಸಮಸ್ಯೆಯೂ ಇರದು. ದಾಸೋಹ ಶಬ್ದದೊಳಗಿನ ದಾಸಭಾವಕ್ಕೆ ಅದರಿಂದ ಕುಂದಂತೂ ಬಾರದು.

ಮನೆಯೊಳಗಿನ ಮಿತವ್ಯಯದಲ್ಲಿ ಒಂದು ದೋಷವುಂಟು. ಕಣ್ಣಿಗೆ ಕಾಣುವುದನ್ನು ಉಳಿಸುತ್ತಾರೆ, ಕಾಣದಿರುವುದನ್ನು ಸುರಿಯುತ್ತಾರೆ. ಕೋಣೆಯ ದೀಪ ಆರಿಸದೆ ಹೊರಟ ಮಗುವಿಗೆ ಬೈಗುಳ ತಪ್ಪುವುದಿಲ್ಲ. ಇಪ್ಪತ್ತು ಲೀಟರಿನ ಒಂದು ಬಕೆಟ್ ನೀರನ್ನು ಇಪ್ಪತ್ತು ಡಿಗ್ರಿಯಷ್ಟು ಬಿಸಿ ಮಾಡಲು ಅರ್ಧ ಯೂನಿಟ್ಟಿಗೆ ಸಮೀಪದ ವಿದ್ಯುತ್ ಬೇಕು. ಒಂಬತ್ತು ವ್ಯಾಟಿನ ಎಲ್ಇಡಿ ದೀಪ ಅಷ್ಟೇ ವಿದ್ಯುತ್ತಿನಲ್ಲಿ ಐವತ್ತು ಗಂಟೆ ಉರಿಯುತ್ತದೆ. ಅಂದರೆ ಗದರಿದ ತಂದೆ ಸ್ನಾನದ ಮನೆಯಲ್ಲಿ ಸುರಿದುಕೊಂಡ ಎರಡನೆಯ ಬಕೆಟ್ ಬಿಸಿನೀರು, ಮಗು ಎರಡು ಹಗಲು ಎರಡು ರಾತ್ರಿ ಮರೆತ ದೀಪಕ್ಕೆ ಸಮ. ದೀಪ ಆರಿಸಬಾರದೆಂದಲ್ಲ, ಹೊರೆ ಎಲ್ಲಿದೆಯೋ ಅಲ್ಲಿ ಕೈಯಿಡಬೇಕು. ಬೆಂಗಳೂರಿನ ಮನೆಗಳಲ್ಲಂತೂ ತಣ್ಣೀರೂ ವಿದ್ಯುತ್ತನ್ನು ಕುಡಿದೇ ಬಂದಿರುತ್ತದೆ. ಕಾವೇರಿಯ ನೀರನ್ನು ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಸುಮಾರು ಐನೂರು ಮೀಟರ್ ಎತ್ತರಕ್ಕೆ ಹಂತಹಂತವಾಗಿ ಪಂಪುಗಳಿಂದ ಎತ್ತಿ ತರಬೇಕು. 2024ರ ಬೇಸಿಗೆಯಲ್ಲಿ ಆ ನಗರ ನೀರಿಗಾಗಿ ಪರದಾಡಿದಾಗ, ಕುಡಿಯುವ ನೀರಿನಲ್ಲಿ ವಾಹನ ತೊಳೆದವರಿಗೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹಂತ ಉದ್ಘಾಟನೆಯಾಯಿತು. ನೀರು ಹೆಚ್ಚು ಬಂದುದು ನಿಜ, ಅದನ್ನು ಎತ್ತುವ ವಿದ್ಯುತ್ತೂ ಹೆಚ್ಚು ಬೇಕಾದುದು ಅಷ್ಟೇ ನಿಜ.

ಒಲೆಯ ಬಳಿಯೂ ಇದೇ ನ್ಯಾಯ. 14.2 ಕಿಲೋ ಅನಿಲದ ಒಂದು ಸಿಲಿಂಡರ್ ಉರಿದು ಮುಗಿಯುವಷ್ಟರಲ್ಲಿ ನಲವತ್ತು ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಬೇಳೆಯನ್ನು ನೆನೆಹಾಕುವುದು, ಪಾತ್ರೆಗೆ ಮುಚ್ಚಳ ಹಾಕುವುದು, ಕುದಿ ಬಂದೊಡನೆ ಉರಿ ತಗ್ಗಿಸುವುದು ಹಿಂದಿನ ತಾಯಂದಿರಿಗೆ ಹೇಳಿಕೊಡಬೇಕಾಗಿರದ ವಿದ್ಯೆ. ಕುದಿಯುವ ನೀರಿಗೆ ಉರಿ ಎಷ್ಟು ಹೆಚ್ಚಿಸಿದರೂ ಅದರ ಶಾಖ ಏರದು, ಆವಿ ಮಾತ್ರ ಹೆಚ್ಚಾಗುತ್ತದೆ.

ಬಟ್ಟೆಯ ಚೀಲದ ಕುರಿತೂ ಒಂದು ಭ್ರಮೆ ಹರಡಿದೆ. ಪ್ಲಾಸ್ಟಿಕ್ ಬೇಡವೆಂದು ಸಭೆ ಸಮಾರಂಭಗಳಲ್ಲಿ ಹೆಸರು, ಭಾವಚಿತ್ರ ಮುದ್ರಿಸಿದ ಹೊಸ ಹತ್ತಿ ಚೀಲಗಳನ್ನು ಹಂಚುವುದು ಪರಿಸರಸೇವೆಯೆಂದು ಎಣಿಸಲಾಗುತ್ತಿದೆ. ಇಂಗ್ಲೆಂಡಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹವಾಮಾನದ ಮೇಲಿನ ಹೊರೆಯನ್ನಷ್ಟೇ ಎಣಿಸಿದರೂ, ಒಮ್ಮೆ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಚೀಲಕ್ಕಿಂತ ಹತ್ತಿಯ ಚೀಲ ಮೇಲೆನಿಸಬೇಕಾದರೆ ಅದನ್ನು 131 ಬಾರಿ ಬಳಸಬೇಕು. ಹತ್ತಿಗೂ ನೀರು ಬೇಕು. ಕಿಲೋ ಒಂದಕ್ಕೆ ಸರಾಸರಿ ಹತ್ತು ಸಾವಿರ ಲೀಟರಿನ ಲೆಕ್ಕವಿದೆ. ಪ್ಲಾಸ್ಟಿಕ್ ದನದ ಹೊಟ್ಟೆಗೆ, ಚರಂಡಿಯ ಬಾಯಿಗೆ ಸೇರುವ ಅನಿಷ್ಟ ಬೇರೆಯೇ ಇರುವುದರಿಂದ ಬಟ್ಟೆಯ ಚೀಲವೇ ಮೇಲು. ಆದರೆ ಅದು ಒಂದೇ ಇರಬೇಕು, ಹಳೆಯ ಸೀರೆ ಧೋತರಗಳಿಂದ ಹೊಲಿದುದಾಗಿದ್ದರೆ ಇನ್ನೂ ಲೇಸು. ಬೀರುವಿನಲ್ಲಿ ಇಪ್ಪತ್ತು ಚೀಲ ಮಡಚಿಟ್ಟು ಸಂತೆಗೆ ಬರಿಗೈಯಲ್ಲಿ ಹೋಗುವವರ ಮನೆಗೆ ಲಕ್ಕಮ್ಮನವರು ಬಂದರೆ ಏನು ಹೇಳಿಯಾರು? ಸನ್ಮಾನದ ಶಾಲುಗಳ ಗತಿಯೂ ಅಂತಹುದೇ. ಪ್ಲಾಸ್ಟಿಕ್ ಹೊದಿಕೆಯಿಂದ ಹೊರಬಂದು ಎರಡು ನಿಮಿಷ ಹೆಗಲ ಮೇಲಿದ್ದು, ಮತ್ತೆ ಅದೇ ಹೊದಿಕೆಯೊಳಗೆ ಸೇರಿ, ಮುಂದಿನ ಸಮಾರಂಭದಲ್ಲಿ ಇನ್ನೊಬ್ಬರ ಹೆಗಲೇರಲು ಅವು ಕಾಯುತ್ತಿರುತ್ತವೆ. ಹಾಗೆ ತಿರುಗುವುದು ಒಂದು ಬಗೆಯ ಮರುಬಳಕೆಯೇ ಎಂದು ಸಮಾಧಾನಪಟ್ಟುಕೊಳ್ಳಬಹುದು. ಶಾಲಿಲ್ಲದೆಯೂ ಗೌರವಿಸುವ ಸಂಪ್ರದಾಯವನ್ನು ಮಠಗಳೇ ಮೊದಲುಮಾಡಿದರೆ ಭಕ್ತರು ಅನುಸರಿಸುವುದು ಕಷ್ಟವಲ್ಲ.

ಇಷ್ಟನ್ನು ಕೇಳಿದ ಕೂಡಲೇ ಬರುವ ಆಕ್ಷೇಪವೂ ಬಲವಾದುದೇ. ಕಾರ್ಖಾನೆಗಳು ಹೊಗೆಯುಗುಳುತ್ತಿರುವಾಗ, ಉಷ್ಣವಿದ್ಯುತ್ ಸ್ಥಾವರಗಳು ರೈಲುಗಟ್ಟಲೆ ಕಲ್ಲಿದ್ದಲನ್ನು ಸುಡುತ್ತಿರುವಾಗ, ಒಂದು ಮನೆಯವರು ಒಂದು ಸೌಟು ಅನ್ನ ಉಳಿಸಿದರೆ ಲೋಕಕ್ಕೇನಾದೀತು? ಸರ್ಕಾರ ಮತ್ತು ಉದ್ಯಮಗಳು ಮಾಡಬೇಕಾದುದನ್ನು ಅವರಿಂದಲೇ ಕೇಳಬೇಕು. ಮನೆಯ ಮಿತವ್ಯಯ ಅದಕ್ಕೆ ಬದಲಿಯಲ್ಲ. ರಾಯಚೂರಿನವರಿಗಂತೂ ಇದನ್ನು ಹೇಳಬೇಕಾಗಿಲ್ಲ. ಶಕ್ತಿನಗರದ ಉಷ್ಣವಿದ್ಯುತ್ ಸ್ಥಾವರದ ಹಾರುಬೂದಿ ಅವರ ಜಿಲ್ಲೆಯಲ್ಲಿಯೇ ಇದೆ, ಅಲ್ಲಿನ ವಿದ್ಯುತ್ತಿನಿಂದ ನೀರು ಕಾಯಿಸಿಕೊಳ್ಳುವವರು ನಾಡಿನಾದ್ಯಂತ ಇದ್ದಾರೆ. ಆದರೆ ಲಕ್ಕಮ್ಮನವರ ಮುಂದೆಯೂ ಇದೇ ಆಕ್ಷೇಪವಿತ್ತು. ಅಸಂಖ್ಯಾತ ಜಂಗಮರು ಉಣ್ಣುತ್ತಿದ್ದ ಮಹಾಮನೆಯ ಉಗ್ರಾಣಕ್ಕೆ ಬಡ ದಂಪತಿಗಳು ಮರಳಿಸಿದ ಕೆಲವು ಹಿಡಿ ಅಕ್ಕಿಯಿಂದ ಆಗಬೇಕಾದುದು ಏನೂ ಇರಲಿಲ್ಲ. ಬಸವಣ್ಣನವರ ಕಣಜ ತುಂಬಲೆಂದು ಆಕೆ ಅದನ್ನು ಹಿಂದಿರುಗಿಸಿದ್ದಲ್ಲ. ಅದು ತಮ್ಮದಲ್ಲ ಎಂಬುದಷ್ಟೇ ಕಾರಣ.

ಇನ್ನೊಂದು ಸಂಗತಿಯನ್ನು ಮರೆಯುವಂತಿಲ್ಲ. ಉಪದೇಶ ಯಾರಿಗೆ? ದಿನಕ್ಕೆರಡು ಕೊಡ ನೀರಿಗೆ ಸರದಿಯಲ್ಲಿ ನಿಲ್ಲುವ ತಾಯಿಗೆ ನೀರುಳಿಸಲು ಹೇಳುವುದು ಅವಿವೇಕ. ಆಕೆಯ ಮನೆಯಲ್ಲಿ ತೊಳೆದ ನೀರು ಗಿಡಕ್ಕೆ, ಹರಿದ ಸೀರೆ ಕೌದಿಗೆ, ಉಳಿದ ರೊಟ್ಟಿ ಮರುದಿನದ ಮುರಿಗೆಗೆ ಆಗಲೇ ಹೋಗುತ್ತಿವೆ. ಅಳತೆ ಮೀರಿದುದು ಉಳ್ಳವರ ಮನೆಯಲ್ಲಿ. ಇಬ್ಬರಿರುವ ಮನೆಗೆ ಎರಡು ಕಾರು, ಗೃಹಪ್ರವೇಶಕ್ಕೆ ಏಳು ಬಗೆಯ ಸಿಹಿ, ಒಂದು ಫರ್ಲಾಂಗು ದೂರದ ಅಂಗಡಿಗೆ ಸ್ಕೂಟರು. ಮಠದ ಭಕ್ತವೃಂದದಲ್ಲಿಯೂ ಇಂತಹ ಮನೆಗಳು ಈಗ ವಿರಳವಲ್ಲ. ಅವು ಕಾಯಕದಿಂದಲೇ ಏಳಿಗೆ ಹೊಂದಿದ ಮನೆಗಳೆಂಬುದು ಸಂತೋಷದ ವಿಷಯ. ಸತ್ಯಶುದ್ಧವಾಗಿ ಗಳಿಸಿದ ಮೇಲೆ ಎಷ್ಟು ವೆಚ್ಚ ಮಾಡಿದರೇನು ಎಂಬ ಮಾತು ಅಲ್ಲಿಂದಲೇ ಬರುತ್ತದೆ. ಮಾರಯ್ಯನವರು ತಂದ ಅಕ್ಕಿಯೂ ಕದ್ದುದಾಗಿರಲಿಲ್ಲ, ಕಾಯಕದಿಂದಲೇ ಬಂದುದಾಗಿತ್ತು.

ಹಿಂದೆ ನಾಡಿನ ಅನೇಕ ಮನೆಗಳಲ್ಲಿ ಅಡುಗೆಗೆಂದು ಅಳೆದ ಧಾನ್ಯದಿಂದ ಒಂದು ಹಿಡಿಯನ್ನು ತೆಗೆದು ಬೇರೆ ಗಡಿಗೆಯಲ್ಲಿ ಹಾಕಿಡುತ್ತಿದ್ದರು. ಗಡಿಗೆ ತುಂಬಿದಾಗ ಆ ಮುಷ್ಟಿಧಾನ್ಯ ಮಠದ ಪ್ರಸಾದನಿಲಯಕ್ಕೆ ಹೋಗುತ್ತಿತ್ತು. ಪರಸ್ಥಳದಿಂದ ಬಂದ ಎಷ್ಟೋ ಬಡ ವಿದ್ಯಾರ್ಥಿಗಳು ಅದನ್ನುಂಡು ಓದಿದರು. ಹಿಡಿ ತೆಗೆದುದರಿಂದ ಮನೆಯವರ ಊಟಕ್ಕೆ ಕಡಿಮೆಯಾಯಿತೆಂದು ಯಾರೂ ಹೇಳಿದ್ದಿಲ್ಲ. ಆ ಗಡಿಗೆ ಈಗ ಬಹಳ ಮನೆಗಳಲ್ಲಿ ಇಲ್ಲ. ಅಕ್ಕಿಯ ಡಬ್ಬಿಯೊಳಗೆ ಅಳತೆಯ ಪಾವು ಇನ್ನೂ ಇದೆ. ಪಾವು ಕೈಗೆತ್ತಿಕೊಳ್ಳುವ ಮುನ್ನ, ರಾತ್ರಿ ಊಟಕ್ಕೆ ಎಷ್ಟು ಜನ ಎಂದು ಅಡುಗೆಮನೆಯಿಂದ ಕೇಳುವ ಧ್ವನಿಯೂ ಕೆಲವು ಮನೆಗಳಲ್ಲಿ ಉಳಿದಿದೆ. ಹೊರಗೆ ಕುಳಿತವರು ಮೊಬೈಲಿನಿಂದ ತಲೆಯೆತ್ತಿ ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವುದರಿಂದ ಮೊದಲುಮಾಡಬಹುದು.